ಮಸುಕು ಫೋಟೋ, ಎರಡೇ ಸಾಲು ವಿವರ: ಆನ್‌ಲೈನ್‌ನಲ್ಲಿ ಹಳೆಯ ರಿವಾಲ್ವರ್ ಆರಿಸುವಾಗ

ಎರಡು ಲಿಸ್ಟಿಂಗ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಶುರು ಮಾಡೋಣ. ಎರಡೂ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಮಿಲಿಟರಿ ಅಂಡ್ ಪೊಲೀಸ್ ರಿವಾಲ್ವರ್. ಎರಡಕ್ಕೂ .38 ಸ್ಪೆಷಲ್ ತೋಟಾ, ನಾಲ್ಕು ಇಂಚಿನ ಬ್ಯಾರೆಲ್. ಮೊದಲನೆಯದರಲ್ಲಿ ಹನ್ನೆರಡು ಫೋಟೋ ಇವೆ. ಬಿಳಿ ಹಿನ್ನೆಲೆ, ಕನ್ನಡಿಯಂಥ ಹೊಳಪು, ಜೊತೆಗೆ ‘ಹೊಸದರಂತಿದೆ’ ಎಂಬ ಮಾತು. ಎರಡನೆಯದರಲ್ಲಿ ಮೂರೇ ಫೋಟೋ. ಹಳೆಯ ಟವೆಲ್ ಮೇಲೆ ಇಟ್ಟು ತೆಗೆದದ್ದು, ಅದರಲ್ಲೂ ಒಂದು ಅಲುಗಾಡಿದೆ. ವಿವರ ಎರಡೇ ಸಾಲು: ‘ತಾತನದು. ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ.’ ಬೆಲೆ ಹೆಚ್ಚುಕಡಿಮೆ ಒಂದೇ.

ನಾನಾದರೆ ಮೊದಲು ಎರಡನೆಯವರಿಗೆ ಬರೆಯುತ್ತೇನೆ. ಹತ್ತಾರು ವರ್ಷದಿಂದ ಹಳೆಯ ರಿವಾಲ್ವರ್ ಕೂಡಿಡುತ್ತಾ ಬಂದ ಮೇಲೆ ಮೈಗೂಡಿದ ಅಭ್ಯಾಸ ಇದು. ಇಲ್ಲಿ ಹೇಳುವುದೆಲ್ಲ ಅಮೆರಿಕದ ಮಾರುಕಟ್ಟೆಯ ಮಾತು. ಕಾನೂನು, ಡಾಲರ್, ಡೀಲರ್ ಎಲ್ಲ ಅಲ್ಲಿಯದೇ.

ಅರೆಬರೆ ಲಿಸ್ಟಿಂಗ್‌ಗಳಲ್ಲಿ ಮೂರು ಬಗೆ ಇವೆ. ಗೊತ್ತಿಲ್ಲದವರು ಹಾಕಿದ್ದು ಒಂದು. ಗೊತ್ತಿದ್ದರೂ ಪುರುಸೊತ್ತಿಲ್ಲದವರು ಹಾಕಿದ್ದು ಇನ್ನೊಂದು. ಗೊತ್ತಿದ್ದೇ ಮುಚ್ಚಿಟ್ಟವರು ಹಾಕಿದ್ದು ಮೂರನೆಯದು. ಗೊತ್ತಿಲ್ಲದವರ ಫೋಟೋ ಮಸುಕಾಗಿದ್ದರೂ ಅದರಲ್ಲಿ ನಿಜ ಇರುತ್ತದೆ. ಯಾವುದನ್ನು ಮರೆಮಾಡಬೇಕು ಅನ್ನುವುದೇ ಅವರಿಗೆ ತಿಳಿಯದು. ತುಕ್ಕಿನ ಚುಕ್ಕೆ, ಮುಕ್ಕಾದ ಹಿಡಿ, ಗೀರು ಎಲ್ಲ ಹಾಗೇ ಕಾಣುತ್ತವೆ. ಎರಡನೇ ಬಗೆಯವರು ಸಾಮಾನ್ಯವಾಗಿ ಗಿರವಿ ಅಂಗಡಿಯವರು. ದಿನಕ್ಕೆ ಐವತ್ತು ವಸ್ತು ಹಾಕುತ್ತಾರೆ, ಪ್ರತಿಯೊಂದಕ್ಕೂ ಮೂರು ಫೋಟೋ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಲ್ಲ. ಮೂರನೇ ಬಗೆಯವರ ಲಿಸ್ಟಿಂಗ್‌ನಲ್ಲಿ ಎಷ್ಟೋ ಸಲ ಫೋಟೋಗಳು ಜಾಸ್ತಿಯೇ ಇರುತ್ತವೆ. ಆದರೆ ಎಲ್ಲವೂ ಒಂದೇ ಬದಿಯವು. ನೀವು ನೋಡಬೇಕೆಂದಿರುವ ಜಾಗ ಮಾತ್ರ ಹನ್ನೆರಡರಲ್ಲಿ ಒಂದರಲ್ಲೂ ಇರುವುದಿಲ್ಲ.

ಇವರನ್ನು ಬೇರೆ ಮಾಡುವುದು ಹೇಗೆ? ತೋಟಾ ಕೂರುವ, ತಿರುಗುವ ಭಾಗವಾದ ಸಿಲಿಂಡರಿನ ಒಂದು ಫೋಟೋ ಕೇಳಿ. ‘ಸಿಲಿಂಡರ್ ಹೊರಗೆ ತಿರುಗಿಸಿ ಅದರ ಹಿಂಭಾಗದ್ದೊಂದು ಫೋಟೋ ಕಳಿಸಲು ಆಗುತ್ತಾ?’ ಅಂತ ಮರ್ಯಾದೆಯಿಂದ ಬರೆಯಿರಿ. ಗೊತ್ತಿಲ್ಲದವರು ‘ಸಿಲಿಂಡರ್ ತಿರುಗಿಸೋದು ಹೇಗೆ?’ ಎಂದು ತಿರುಗಿ ಕೇಳುತ್ತಾರೆ. ಹೇಳಿಕೊಟ್ಟರೆ ಖುಷಿಯಿಂದ ತೆಗೆದು ಕಳಿಸುತ್ತಾರೆ. ಅಂಗಡಿಯವರು ಎರಡು ದಿನ ಬಿಟ್ಟು ಕಳಿಸುತ್ತಾರೆ. ಮುಚ್ಚಿಟ್ಟವರು ‘ಫೋಟೋಗಳೇ ಎಲ್ಲ ಹೇಳುತ್ತವೆ’ ಅಂತ ಉತ್ತರ ಕೊಡುತ್ತಾರೆ. ಅಲ್ಲಿಗೆ ಆ ಪುಟ ಮುಚ್ಚಿ.

ಹೊಳೆಯುವುದೋ, ಸವೆದದ್ದೋ?

ಹೊಸಬರು ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಂಗ್ರಹಕಾರರಿಗೆ ಬೇಕಾದದ್ದು ಕಾರ್ಖಾನೆಯಿಂದ ಬಂದ ಅಸಲಿ ಬ್ಲೂಯಿಂಗ್, ಅಂದರೆ ಉಕ್ಕಿನ ಮೇಲಿನ ಕಡುನೀಲಿ ಬಣ್ಣ. ಅದು ನೂರಕ್ಕೆ ಅರವತ್ತು ಭಾಗ ಉಳಿದಿದ್ದರೂ ಸರಿ. ಆಮೇಲೆ ಯಾರೋ ಪಾಲಿಶ್ ಮಾಡಿಸಿ ಮತ್ತೆ ಬ್ಲೂಯಿಂಗ್ ಹಾಕಿಸಿದ್ದಾದರೆ ನೂರು ಭಾಗ ಹೊಳೆದರೂ ಬೆಲೆ ಬಿದ್ದುಹೋಗುತ್ತದೆ. ಬಣ್ಣವನ್ನು ಮತ್ತೆ ಹಾಕಬಹುದು. ಪಾಲಿಶ್ ಚಕ್ರ ಉಜ್ಜಿ ತೆಗೆದ ಉಕ್ಕನ್ನು ವಾಪಸ್ ತರಲು ಆಗುವುದಿಲ್ಲ, ಅಲ್ವಾ?

ಫೋಟೋದಲ್ಲಿ ಮೊದಲು ಅಕ್ಷರ ನೋಡಿ. ಬ್ಯಾರೆಲ್ ಮೇಲೆ ಒತ್ತಿದ ಕಂಪನಿಯ ಹೆಸರು, ಒಳಗಿನ ಯಂತ್ರವನ್ನು ಮುಚ್ಚುವ ಬದಿಯ ಫಲಕದ ಮೇಲಿನ ಲಾಂಛನ. ಅಸಲಿಯಾದರೆ ಅಕ್ಷರದ ಅಂಚು ಉಗುರಿಗೆ ತಾಗುವಷ್ಟು ಚೂಪಾಗಿ ಕಾಣುತ್ತದೆ. ಪಾಲಿಶ್ ಆಗಿದ್ದರೆ ಅಕ್ಷರಗಳು ನೀರಲ್ಲಿ ನೆನೆದ ಸೋಪಿನ ಮೇಲಿನ ಅಕ್ಷರದಂತೆ ಕರಗಿರುತ್ತವೆ. ಆಮೇಲೆ ಸ್ಕ್ರೂ ತೂತುಗಳನ್ನು ನೋಡಿ. ತೂತಿನ ಸುತ್ತ ಲೋಹ ಬಟ್ಟಲಿನಂತೆ ತಗ್ಗಾಗಿದ್ದರೆ ಚಕ್ರ ಅಲ್ಲಿ ಓಡಾಡಿದೆ. ಚಪ್ಪಟೆ ಇರಬೇಕಾದ ಕಡೆ ಬೆಳಕಿನ ಗೆರೆ ಅಲೆಅಲೆಯಾಗಿ ಬಿದ್ದಿದ್ದರೂ ಅದೇ ಅರ್ಥ.

ಇನ್ನೂ ಸುಲಭದ ಗುರುತು ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಪುಟ್ಟ ಸುತ್ತಿಗೆ) ಮತ್ತು ಟ್ರಿಗರ್ (ಬೆರಳಿಂದ ಎಳೆಯುವ ಕುದುರೆ). ಸ್ಮಿತ್ ಅಂಡ್ ವೆಸ್ಸನ್ ತನ್ನ ಹಳೆಯ ರಿವಾಲ್ವರ್‌ಗಳಲ್ಲಿ ಇವೆರಡಕ್ಕೂ ಕೇಸ್ ಹಾರ್ಡನಿಂಗ್, ಅಂದರೆ ಕಾಯಿಸಿ ಹೊರಮೈ ಗಟ್ಟಿಮಾಡುವ ಕೆಲಸ, ಮಾಡುತ್ತಿತ್ತು. ಅದರಿಂದ ಬೂದು, ಕಂದು, ನೀಲಿ ಬಣ್ಣಗಳು ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ಕಾಣುತ್ತವೆ. ನಿಕ್ಕಲ್ ಹಾಕಿದ ರಿವಾಲ್ವರ್‌ನಲ್ಲೂ ಸಾಮಾನ್ಯವಾಗಿ ಹ್ಯಾಮರ್, ಟ್ರಿಗರ್ ಇದೇ ಬಣ್ಣದಲ್ಲಿರುತ್ತವೆ. ಹಾಗಾಗಿ ಹ್ಯಾಮರ್ ಕೂಡ ನಿಕ್ಕಲ್‌ನಲ್ಲಿ ಫಳಫಳ ಎನ್ನುತ್ತಿದ್ದರೆ, ಯಾರೋ ಎಲ್ಲವನ್ನೂ ಒಟ್ಟಿಗೆ ಮುಳುಗಿಸಿ ತೆಗೆದಿದ್ದಾರೆ ಎಂದುಕೊಳ್ಳಿ. ಇಷ್ಟನ್ನು ಮಸುಕು ಫೋಟೋದಲ್ಲೂ ಗುರುತಿಸಬಹುದು.

ಇದರಲ್ಲಿ ಒಂದು ವಿನಾಯಿತಿ ಇದೆ. ಕೆಲವು ರಿವಾಲ್ವರ್‌ಗಳು ಕಾರ್ಖಾನೆಗೇ ವಾಪಸ್ ಹೋಗಿ ರಿಪೇರಿ ಮಾಡಿಸಿಕೊಂಡು ಬಂದಿವೆ. ಅಂಥವಕ್ಕೆ ಹಿಡಿಯ ತಳದಲ್ಲಿ ಸೀರಿಯಲ್ ನಂಬರಿನ ಹತ್ತಿರ ಒಂದು ಪುಟ್ಟ ನಕ್ಷತ್ರ ಒತ್ತಿರುವುದುಂಟು. ಹಿಡಿಯ ಹಲಗೆ ಬಿಚ್ಚಿದರೆ ಚೌಕಟ್ಟಿನ ಎಡಬದಿಯಲ್ಲಿ ತಿಂಗಳು, ವರ್ಷ ಒತ್ತಿದ್ದೂ ಸಿಗಬಹುದು. ಅಸಲಿ ಹೊಳಪಿನ ಬೆಲೆ ಇದಕ್ಕೆ ಬರುವುದಿಲ್ಲ. ಆದರೆ ಯಾರದೋ ಗ್ಯಾರೇಜಿನ ಪಾಲಿಶ್‌ಗಿಂತ ನೂರು ಪಾಲು ಮೇಲು. ‘ತಾತನದು’ ಎಂಬ ರಿವಾಲ್ವರ್ ಹೊಳೆಯುತ್ತಿದ್ದರೆ ನಾನು ಮೊದಲು ಕೇಳುವುದು ಆ ತಳದ ಫೋಟೋವನ್ನೇ.

ಇನ್ನು ಸಿಲಿಂಡರ್ ಸುತ್ತ ಬೀಳುವ ತೆಳು ಗೆರೆ, ಬ್ಯಾರೆಲ್ ತುದಿಯಲ್ಲಿ ಚರ್ಮದ ಚೀಲ ಉಜ್ಜಿ ಬೆಳ್ಳಗಾದದ್ದು, ಇವಕ್ಕೆಲ್ಲ ಹೆದರಬೇಡಿ. ಹತ್ತಿಪ್ಪತ್ತು ವರ್ಷ ಒಬ್ಬರ ಸೊಂಟದಲ್ಲಿದ್ದು ಕೆಲಸ ಮಾಡಿದ್ದಕ್ಕೆ ಬೀಳುವ ಗುರುತು ಅದು. ನನಗಂತೂ ಅದೇ ಇಷ್ಟ. ಹೆದರಬೇಕಾದದ್ದು ಗುಳಿಬಿದ್ದ ತುಕ್ಕಿಗೆ ಮತ್ತು ಬ್ಯಾರೆಲ್‌ನ ಉಬ್ಬಿಗೆ. ಒಂದು ಗುಂಡು ಒಳಗೇ ಸಿಕ್ಕಿಕೊಂಡಾಗ ಹಿಂದಿನಿಂದ ಇನ್ನೊಂದು ಹಾರಿಸಿದರೆ ಬ್ಯಾರೆಲ್ ಅಲ್ಲಿ ಉಂಗುರದಂತೆ ಉಬ್ಬುತ್ತದೆ. ಬ್ಯಾರೆಲ್ ಉದ್ದಕ್ಕೂ ಬಿದ್ದ ಬೆಳಕಿನ ಗೆರೆ ನೋಡಿ. ನೆಟ್ಟಗೆ ಹೋಗುತ್ತಿದ್ದದ್ದು ಒಂದು ಕಡೆ ಸೊಟ್ಟಗಾದರೆ ಅನುಮಾನಪಡಿ.

ನಂಬರ್ ಯಾವುದು, ನಂಬರ್ ಅಲ್ಲದ್ದು ಯಾವುದು

ಮಾರುವವರು ಬರೆಯುವ ಸೀರಿಯಲ್ ನಂಬರನ್ನು ಕಣ್ಣುಮುಚ್ಚಿ ನಂಬಬೇಡಿ. ಸುಳ್ಳು ಬರೆದಿರುತ್ತಾರೆ ಅಂತ ಅಲ್ಲ. ತಪ್ಪು ಜಾಗ ನೋಡಿರುತ್ತಾರೆ.

ಸ್ಮಿತ್ ಅಂಡ್ ವೆಸ್ಸನ್‌ನಲ್ಲಿ ಸಿಲಿಂಡರ್ ಹೊರಗೆ ತಿರುಗಿಸಿದಾಗ ಕಾಣುವ ಚೌಕಟ್ಟಿನ ಸಂದಿಯಲ್ಲಿ ಕೆಲವು ಅಂಕಿಗಳಿರುತ್ತವೆ. ಹಳೆಯವುಗಳಲ್ಲಿ ಅದು ಕಾರ್ಖಾನೆಯೊಳಗೆ ಬಿಡಿಭಾಗ ಜೋಡಿಸುವಾಗ ಹಾಕಿಕೊಂಡ ಗುರುತಿನ ನಂಬರ್ ಅಷ್ಟೇ. ಅಸಲಿ ಸೀರಿಯಲ್ ನಂಬರ್ ಹಿಡಿಯ ತಳದಲ್ಲಿರುತ್ತದೆ. ಮಾಲೀಕರು ದಪ್ಪ ಮರದ ಹಿಡಿ ಹಾಕಿಸಿದ್ದರೆ ತಳ ಮುಚ್ಚಿಹೋಗಿರುತ್ತದೆ. ಆಗ ಕಣ್ಣಿಗೆ ಬೀಳುವುದು ಸಂದಿಯ ನಂಬರ್ ಒಂದೇ. ಅದನ್ನೇ ಸೀರಿಯಲ್ ಅಂತ ಬರೆಯುತ್ತಾರೆ. ಅದನ್ನು ಹಿಡಿದು ನೀವು ವರ್ಷ ಲೆಕ್ಕ ಹಾಕಿದರೆ ಮೂವತ್ತು ನಲವತ್ತು ವರ್ಷ ಹೆಚ್ಚುಕಮ್ಮಿ ಆದೀತು.

ಈ ಗೊಂದಲ ಎರಡೂ ಕಡೆ ಕೆಲಸ ಮಾಡುತ್ತದೆ. 1957ರಿಂದ ಕಂಪನಿ ಅದೇ ಸಂದಿಯಲ್ಲಿ ಮಾಡೆಲ್ ನಂಬರ್ ಒತ್ತಲು ಶುರು ಮಾಡಿತು. ಮಿಲಿಟರಿ ಅಂಡ್ ಪೊಲೀಸ್ ಆಗ ಮಾಡೆಲ್ 10 ಆಯಿತು. ಸಂದಿಯಲ್ಲಿ ಮಾಡೆಲ್ ನಂಬರೇ ಇಲ್ಲವೆಂದರೆ ಅದು ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. ಮಾರುವವರು ಸುಮ್ನೆ ‘ಮಾಡೆಲ್ 10’ ಅಂತ ಬರೆದಿದ್ದರೂ ಅದು ಇನ್ನೂ ಹಳೆಯದೇ ಇರಬಹುದು. 1935ರಿಂದ 1939ರವರೆಗೆ ಬಂದ, .357 ತೋಟಾದ ರಿಜಿಸ್ಟರ್ಡ್ ಮ್ಯಾಗ್ನಮ್‌ಗಳ ನೋಂದಣಿ ನಂಬರ್ ಇರುವುದೂ ಈ ಸಂದಿಯಲ್ಲೇ. ‘ಹಳೇ .357’ ಎಂದಷ್ಟೇ ಬರೆದ ಲಿಸ್ಟಿಂಗ್ ಕಂಡರೆ ಆ ಒಂದು ಫೋಟೋ ಕೇಳದೆ ಮುಂದೆ ಹೋಗಬೇಡಿ.

ಸ್ಕ್ರೂಗಳೂ ವಯಸ್ಸು ಹೇಳುತ್ತವೆ. ಬದಿಯ ಫಲಕದ ಮೇಲಿನ ಮೂಲೆಯಲ್ಲಿ ಸ್ಕ್ರೂ ಇದ್ದರೆ ಅದು 1955ರ ಸುಮಾರಿಗಿಂತ ಹಿಂದಿನದು. ಟ್ರಿಗರ್ ಗಾರ್ಡಿನ ಮುಂದಿನ ಸ್ಕ್ರೂ 1961ರ ಸುಮಾರಿಗೆ ಹೋಯಿತು. ಬ್ಯಾರೆಲ್ ಚೌಕಟ್ಟಿಗೆ ಸೇರುವ ಕಡೆ ಅಡ್ಡಲಾಗಿ ಹೊಡೆದ ಸಣ್ಣ ಪಿನ್ 1982ರ ಸುಮಾರಿಗೆ ನಿಂತಿತು. ಮೂರೂ ಫೋಟೋದಲ್ಲಿ ಕಾಣುವಂಥವು. ಮಿಲಿಟರಿ ಅಂಡ್ ಪೊಲೀಸ್‌ನಲ್ಲಿ ನಂಬರ್ ‘ಸಿ’ ಅಕ್ಷರದಿಂದ ಶುರುವಾದರೆ 1948ರಿಂದ 1967ರ ನಡುವಿನದು.

ಎರಡನೇ ಮಹಾಯುದ್ಧಕ್ಕೆ ಮುಂಚಿನದಾದರೆ ಅದೇ ಸೀರಿಯಲ್ ನಂಬರ್ ಸಿಲಿಂಡರ್ ಹಿಂಭಾಗದಲ್ಲೂ ಬ್ಯಾರೆಲ್ ಅಡಿಯಲ್ಲೂ ಇರಬೇಕು. ಬಲಗಡೆಯ ಹಿಡಿಯ ಹಲಗೆಯ ಒಳಬದಿಯಲ್ಲೂ ಸಿಗುತ್ತದೆ. ಒಮ್ಮೆ ಒಬ್ಬರು ನಾನು ಕೇಳಿದ್ದಕ್ಕೆ ಹಲಗೆ ಬಿಚ್ಚಿ ಫೋಟೋ ಕಳಿಸಿದರು. ಮೇಣ, ಬೆವರು ಸೇರಿ ಕಪ್ಪಾದ ವಾಲ್‌ನಟ್ ಮರ. ಅದರ ಒಳಮೈ ಮಾತ್ರ ನಿನ್ನೆ ಕೊಯ್ದ ಹಾಗೆ ಹಸಿ ಕಂದು. ನಡುವೆ ಪೆನ್ಸಿಲ್‌ನಲ್ಲಿ ಆರು ಅಂಕಿ, ಕಾರ್ಖಾನೆಯ ಯಾವುದೋ ಕೆಲಸಗಾರನ ಕೈಬರಹ. ತಳದ ನಂಬರಿಗೆ ಸರಿಯಾಗಿ ಹೊಂದಿತು. ಆ ರಿವಾಲ್ವರ್‌ಗೆ ಹೊಳಪು ಅರ್ಧವೂ ಉಳಿದಿರಲಿಲ್ಲ. ಕೇಳಿದಷ್ಟು ಕೊಟ್ಟು ತಗೊಂಡೆ.

ಎರಡು ವಿಕ್ಟರಿ, ಎರಡು ಕಥೆ

ಎರಡನೇ ಮಹಾಯುದ್ಧದಲ್ಲಿ ಸ್ಮಿತ್ ಅಂಡ್ ವೆಸ್ಸನ್ ಮಾಡಿಕೊಟ್ಟ ಮಿಲಿಟರಿ ಅಂಡ್ ಪೊಲೀಸ್‌ಗೆ ವಿಕ್ಟರಿ ಮಾಡೆಲ್ ಅಂತ ಹೆಸರು. 1942ರಿಂದ ಸೀರಿಯಲ್ ನಂಬರಿನ ಮುಂದೆ ‘ವಿ’ ಅಕ್ಷರ ಬರುತ್ತದೆ. ಮಂದ ಬೂದು ಬಣ್ಣ, ಗೆರೆ ಕೊರೆಯದ ನುಣುಪು ಮರದ ಹಿಡಿ, ತಳದಲ್ಲಿ ಹಗ್ಗ ಕಟ್ಟುವ ಬಳೆ. ಲಕ್ಷಗಟ್ಟಲೆ ಆದದ್ದರಿಂದ ಈಗಲೂ ಸಿಗುತ್ತವೆ.

ಇದರಲ್ಲಿ ಎರಡು ಜಾತಿ. ಅಮೆರಿಕದ ಸೇನೆಗೆ ಹೋದದ್ದು ಸಾಮಾನ್ಯವಾಗಿ ನಾಲ್ಕು ಇಂಚಿನ ಬ್ಯಾರೆಲ್, .38 ಸ್ಪೆಷಲ್. ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳಿಗೆ ಹೋದದ್ದು ಹೆಚ್ಚಾಗಿ ಐದು ಇಂಚು. ಅದರ ತೋಟಾ .38 ಸ್ಮಿತ್ ಅಂಡ್ ವೆಸ್ಸನ್, ಬ್ರಿಟಿಷರ ಬಾಯಲ್ಲಿ .38/200. ಹೆಸರು ಹತ್ತಿರ ಹತ್ತಿರ ಇದ್ದರೂ ತೋಟಾ ಬೇರೆ. ಬ್ರಿಟಿಷ್ ತೋಟಾ ಗಿಡ್ಡ ಮತ್ತು ದಪ್ಪ. ಸ್ಪೆಷಲ್ ಉದ್ದ ಮತ್ತು ಸಪೂರ.

ಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಹೋಗಿದ್ದ ಎಷ್ಟೋ ರಿವಾಲ್ವರ್‌ಗಳು ಅಮೆರಿಕಕ್ಕೆ ವಾಪಸ್ ಬಂದವು. .38 ಸ್ಪೆಷಲ್ ಎಲ್ಲೆಡೆ ಸಿಗುತ್ತದೆ ಅಂತ ಅವುಗಳ ಸಿಲಿಂಡರ್ ತೂತನ್ನು ಉದ್ದಕ್ಕೆ ಕೊರೆದು ಮಾರಿದರು. ಕೆಲವಕ್ಕೆ ಬ್ಯಾರೆಲ್ ಕತ್ತರಿಸಿ ನಿಕ್ಕಲ್ ಹಾಕಿದರು. ಮೊದಲೇ ಅಗಲವಾಗಿದ್ದ ತೂತಿನ ಹಿಂಭಾಗ ಮಾತ್ರ ಹಾಗೇ ಉಳಿಯಿತು.

ನಾನು ಅಂಥದೊಂದನ್ನು ಕೊಂಡಿದ್ದೇನೆ. ಲಿಸ್ಟಿಂಗ್‌ನಲ್ಲಿ ‘.38 ಸ್ಪೆಷಲ್, ಯುದ್ಧಕಾಲದ್ದು’ ಅಂತಿತ್ತು. ಐದು ಇಂಚಿನ ಬ್ಯಾರೆಲ್ ಕಂಡೂ ಪ್ರಶ್ನೆ ಕೇಳಲಿಲ್ಲ. ಆರು ತೋಟಾ ಹಾರಿಸಿ, ಖಾಲಿ ತೋಟಾ ಹೊರತಳ್ಳುವ ಎಜೆಕ್ಟರ್ ಒತ್ತಿದರೆ ಒಂದೂ ಹೊರಗೆ ಬರಲಿಲ್ಲ. ಒಂದೊಂದಾಗಿ ತಳ್ಳಿ ತೆಗೆದೆ. ಪ್ರತಿಯೊಂದು ಹಿತ್ತಾಳೆ ತೋಟಾದ ಬುಡ ಗರ್ಭಿಣಿ ಮೀನಿನ ಹಾಗೆ ಉಬ್ಬಿತ್ತು. ಎರಡರಲ್ಲಿ ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು. ಅಂಗೈಯಲ್ಲಿ ಹಿಡಿದು ನೋಡಿದಾಗ ಎದೆ ಝಲ್ ಎಂದಿತು. ಮಾರಿದವರಿಗೆ ಬರೆದರೆ ಹಾರಿಸಿದ ಮೇಲೆ ವಾಪಸ್ ಇಲ್ಲ ಎಂದರು. ಆ ಆರು ತೋಟಾಗಳನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಹೊಸದಾಗಿ ಕೊಳ್ಳಲು ಹೊರಟವರಿಗೆಲ್ಲ ತೋರಿಸುತ್ತೇನೆ.

ಹಾಗಾಗಿ ಎರಡು ವಿಕ್ಟರಿ ಎದುರಿಗಿದ್ದರೆ ನೋಡಬೇಕಾದದ್ದು ಇಷ್ಟು. ಬ್ಯಾರೆಲ್ ಐದು ಇಂಚಾಗಿದ್ದು ‘ಸ್ಪೆಷಲ್’ ಅಂತ ಬರೆದಿದ್ದರೆ ನಿಲ್ಲಿ. ಬ್ಯಾರೆಲ್ ಅಥವಾ ಸಿಲಿಂಡರ್ ಮೇಲೆ ಕಿರೀಟದ ಗುರುತು, ‘.767’, ‘3½ ಟನ್’ ಅಂತ ಒತ್ತಿದ್ದರೆ ಅದು ಬ್ರಿಟನ್ನಿನ ಪ್ರೂಫ್ ಪರೀಕ್ಷೆಯ, ಅಂದರೆ ಮಾಮೂಲಿಗಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡುವ ಪರೀಕ್ಷೆಯ, ಗುರುತು. ಮೂಲದಲ್ಲಿ ಅದು ಗಿಡ್ಡ ತೋಟಾದ್ದೇ. ಗಿಡ್ಡ ಬ್ಯಾರೆಲ್ ಇದ್ದರೆ ಅಕ್ಷರಗಳು ಬ್ಯಾರೆಲ್ ಮಧ್ಯಕ್ಕೆ ಸರಿಯಾಗಿ ಕೂತಿವೆಯೇ ನೋಡಿ. ಕತ್ತರಿಸಿದ್ದಾದರೆ ಅವು ತುದಿಗೆ ವಾಲಿರುತ್ತವೆ, ಮುಂದಿನ ಗುರಿಕಡ್ಡಿ ಬೆಸುಗೆ ಹಾಕಿದ್ದಾಗಿರುತ್ತದೆ. ಕೊರೆಯದೆ ಉಳಿದ ಬ್ರಿಟಿಷ್ ವಿಕ್ಟರಿ ಮಾತ್ರ ಒಳ್ಳೆಯ ವಸ್ತು. ನನ್ನ ಮಟ್ಟಿಗೆ ಅದು ಅಮೆರಿಕದ್ದಕ್ಕಿಂತ ಕಮ್ಮಿಯೇನಲ್ಲ. ಸರಿಯಾದ ತೋಟಾ ಹುಡುಕಬೇಕು ಅಷ್ಟೇ.

ಇದೇ ಕಥೆಯ ಇನ್ನೂ ಅಪಾಯದ ರೂಪ ಬ್ರಿಟನ್ನಿನ ವೆಬ್ಲಿ ಮಾರ್ಕ್ 6. 1915ರಲ್ಲಿ ಬಂದದ್ದು, ತೋಟಾ .455. ಅಮೆರಿಕಕ್ಕೆ ಬಂದ ಮೇಲೆ ಬಹಳಷ್ಟು ವೆಬ್ಲಿಗಳ ಸಿಲಿಂಡರ್ ಹಿಂಭಾಗವನ್ನು ಕೆರೆದು .45 ಎಸಿಪಿ ತೋಟಾ ಕೂರುವಂತೆ ಮಾಡಿದರು. ಕಾರ್ಖಾನೆಯ .45 ಎಸಿಪಿ ತೋಟಾದ ಒತ್ತಡ ಈ ರಿವಾಲ್ವರ್‌ಗೆ ಪ್ರೂಫ್ ಪರೀಕ್ಷೆಯಲ್ಲಿ ಕೊಟ್ಟ ಒತ್ತಡವನ್ನೂ ಮೀರುತ್ತದೆ. ಲಿಸ್ಟಿಂಗ್‌ನಲ್ಲಿ ‘.45 ಎಸಿಪಿ ಹಾರಿಸುತ್ತದೆ’ ಅನ್ನುವುದನ್ನು ಅನುಕೂಲ ಎಂಬಂತೆ ಬರೆದಿರುತ್ತಾರೆ. ಕೆರೆದದ್ದು ಮತ್ತು ಕೆರೆಯದ್ದು ಎರಡೂ ಕಂಡರೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಕೆರೆಯದ್ದನ್ನೇ ಕೊಳ್ಳಿ.

ಯುದ್ಧದ ರಿವಾಲ್ವರೇ ಬೇಕು, .45 ಎಸಿಪಿಯೇ ಬೇಕು ಅನ್ನುವವರಿಗೆ ಸರಿಯಾದ ದಾರಿ ಇದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಇನ್ನೊಂದು ಕಂಪನಿ ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸ್ಸನ್ ಮಾಡಿಕೊಟ್ಟ ಮಾಡೆಲ್ 1917. ಹುಟ್ಟಿದ್ದೇ ಆ ತೋಟಾಕ್ಕಾಗಿ. ತಲಾ ಒಂದೂವರೆ ಲಕ್ಷಕ್ಕೂ ಹೆಚ್ಚು ತಯಾರಾದವು.

ಕೋಲ್ಟೋ, ಸ್ಮಿತ್ ಅಂಡ್ ವೆಸ್ಸನ್ನೋ

ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಕೊಳ್ಳುವುದಾದರೆ ನಾನು ಯಾವ ಪಕ್ಷವನ್ನೂ ವಹಿಸುವುದಿಲ್ಲ. ಬರೀ ಫೋಟೋ ನೋಡಿ ಕೊಳ್ಳುವುದಾದರೆ ಹೊಸಬರಿಗೆ ಸ್ಮಿತ್ ಅಂಡ್ ವೆಸ್ಸನ್ ಎನ್ನುತ್ತೇನೆ. ಕಾರಣ ಒಳಗಿನ ಯಂತ್ರದ್ದು.

ಡಿಟೆಕ್ಟಿವ್ ಸ್ಪೆಷಲ್, ಅಫಿಷಿಯಲ್ ಪೊಲೀಸ್, 1955ರಿಂದ ಬಂದ ಪೈಥಾನ್ ಎಲ್ಲ ಕೋಲ್ಟ್‌ನ ಹಳೆಯ ಯಂತ್ರದವು. ಟ್ರಿಗರ್ ಹಿಂದೆ ಎಳೆದು ಹಿಡಿದಾಗ ಸಿಲಿಂಡರ್ ಒಂದು ಕೂದಲೂ ಅಲುಗದಂತೆ ಬಿಗಿಯಾಗುವುದು ಇವುಗಳ ಹೆಗ್ಗಳಿಕೆ. ಆ ಬಿಗಿಗೆ ಕಾರಣ ಸಿಲಿಂಡರನ್ನು ತಿರುಗಿಸುವ ಹ್ಯಾಂಡ್ ಎಂಬ ಸಣ್ಣ ತುಂಡು. ಗುಂಡು ಹಾರುವ ಹೊತ್ತಿಗೂ ಅದು ಸಿಲಿಂಡರನ್ನು ಒತ್ತಿ ಹಿಡಿದಿರುತ್ತದೆ. ಹಾಗಾಗಿ ಸವೆಯುವುದೂ ಅದೇ. ಸವೆದರೆ ಹ್ಯಾಮರ್ ಪೂರ್ತಿ ಹಿಂದೆ ಬಂದರೂ ಸಿಲಿಂಡರ್ ತನ್ನ ಜಾಗಕ್ಕೆ ಬೀಗ ಬಿದ್ದಿರುವುದಿಲ್ಲ. ಇದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಸರಿಮಾಡುವ ಅನುಭವಿ ಕೈಗಳೂ ಕಡಿಮೆ. ಸ್ಮಿತ್ ಅಂಡ್ ವೆಸ್ಸನ್‌ನಲ್ಲೂ ಸವೆತ ಬರುತ್ತದೆ. ಆದರೆ ಬಿಡಿಭಾಗ ಸಿಗುತ್ತವೆ, ರಿಪೇರಿ ಬಲ್ಲವರೂ ಜಾಸ್ತಿ.

ಕೋಲ್ಟ್ ಮೇಲೇ ಮನಸ್ಸಿದ್ದರೆ ಮಾರುವವರಿಂದ ಒಂದು ವಿಡಿಯೋ ಕೇಳಿ. ಖಾಲಿ ರಿವಾಲ್ವರ್, ಸಿಲಿಂಡರ್ ತೆರೆದು ಖಾಲಿ ಇದೆ ಎಂದು ತೋರಿಸಿ ಮುಚ್ಚಬೇಕು. ಆಮೇಲೆ ಹ್ಯಾಮರನ್ನು ಹೆಬ್ಬೆರಳಿಂದ ತುಂಬಾ ನಿಧಾನವಾಗಿ ಎಳೆಯಬೇಕು. ಸಿಲಿಂಡರ್ ಬೀಗ ಬೀಳುವ ಟಕ್ ಸದ್ದು ಹ್ಯಾಮರ್ ಕೊನೆ ಮುಟ್ಟುವ ಮೊದಲೇ ಕೇಳಬೇಕು. ಕಡೇಪಕ್ಷ ಅದರ ಜೊತೆಗೇ ಕೇಳಬೇಕು. ಆರೂ ತೂತಿಗೆ ಹೀಗೇ ಮಾಡಿ ತೋರಿಸಬೇಕು. ಪೈಥಾನ್‌ನಂಥ ದುಬಾರಿ ವಸ್ತು ಮಾರುವವರು ಒಂದು ನಿಮಿಷದ ವಿಡಿಯೋ ಕೊಡಲು ಒಪ್ಪದಿದ್ದರೆ ಆ ದುಡ್ಡಿಗೆ ಬೇರೆ ಪೈಥಾನ್ ಸಿಗುತ್ತದೆ. 2020ರಲ್ಲಿ ಕೋಲ್ಟ್ ಅದೇ ಹೆಸರಲ್ಲಿ ಹೊಸದನ್ನೂ ತಂದಿದೆ. ಲಿಸ್ಟಿಂಗ್ ಯಾವುದರದು ಅಂತಲೂ ನೋಡಿ.

ಕೋಲ್ಟ್‌ನ 1873ರ ಸಿಂಗಲ್ ಆಕ್ಷನ್ ಆರ್ಮಿ ವಿಷಯ ಮಾತ್ರ ಬೇರೆ. ಎಲ್ಲರಿಗೂ ಆಸೆ ಹುಟ್ಟಿಸುವ ರಿವಾಲ್ವರ್, ಅಷ್ಟೇ ನಕಲಿ ಕೆಲಸ ಕಂಡದ್ದು. ಬೇರೆ ಬೇರೆ ಬಂದೂಕಿನ ಭಾಗ ಸೇರಿಸಿದ್ದು, ಬ್ಯಾರೆಲ್ ಬದಲಿಸಿದ್ದು, ಸೇನೆಯ ತಪಾಸಣಾಧಿಕಾರಿಗಳ ಮುದ್ರೆಯನ್ನು ಆಮೇಲೆ ಒತ್ತಿದ್ದು ಎಲ್ಲ ಇವೆ. ಮೊದಲ ತಲೆಮಾರಿನ ತಯಾರಿಕೆ 1940ರ ಹೊತ್ತಿಗೆ ನಿಂತಿತು. 1956ರಲ್ಲಿ ಮತ್ತೆ ಶುರುವಾದಾಗ ನಂಬರಿನ ಕೊನೆಗೆ ‘ಎಸ್‌ಎ’ ಅಕ್ಷರ ಸೇರಿತು. ಆ ಎರಡು ಅಕ್ಷರ ಕಂಡರೆ ಎಷ್ಟೇ ಹಳತಾಗಿ ಕಾಣಲಿ, ಅದು ಕೌಬಾಯ್ ಕಾಲದ್ದಲ್ಲ. ಮೊದಲ ತಲೆಮಾರಿನದನ್ನು ಕೋಲ್ಟ್ ದಾಖಲೆ ವಿಭಾಗದ ಪತ್ರವಿಲ್ಲದೆ ಫೋಟೋ ನೋಡಿ ಕೊಳ್ಳಬೇಡಿ. ಆ ಪತ್ರದಲ್ಲಿ ಕಾರ್ಖಾನೆಯಿಂದ ಯಾವಾಗ, ಯಾವ ಉದ್ದದ ಬ್ಯಾರೆಲ್‌ನೊಂದಿಗೆ, ಯಾವ ಬಣ್ಣದಲ್ಲಿ ಹೊರಟಿತು ಎಂಬುದಿರುತ್ತದೆ. ಸ್ಮಿತ್ ಅಂಡ್ ವೆಸ್ಸನ್‌ಗೂ ಹೀಗೆ ಪತ್ರ ಸಿಗುತ್ತದೆ.

ಪೆಟ್ಟಿಗೆ ಸಮೇತ ಬಂದರೆ ಬೆಲೆ ಏರುತ್ತದೆ. ಪೆಟ್ಟಿಗೆ ಅದೇ ರಿವಾಲ್ವರಿನದೋ ನೋಡಿ. ಹಳೆಯ ಸ್ಮಿತ್ ಅಂಡ್ ವೆಸ್ಸನ್ ಪೆಟ್ಟಿಗೆಯ ತಳದಲ್ಲಿ ಮೇಣದ ಪೆನ್ಸಿಲ್‌ನಲ್ಲಿ ನಂಬರ್ ಬರೆದಿರುತ್ತಿದ್ದರು.

ಎಲ್ಲಿ ಕೊಳ್ಳುವುದು, ಒಟ್ಟು ಎಷ್ಟಾಗುತ್ತದೆ

ಬೆಲೆ ನಿಗದಿ ಮಾಡಿದ ಡೀಲರ್, ಬಿಡ್ ಮಾಡುವ ಹರಾಜು ತಾಣ, ಕ್ಯಾಟಲಾಗ್ ಮಾಡುವ ದೊಡ್ಡ ಹರಾಜು ಮನೆ. ಈ ಮೂರರಲ್ಲಿ ಡೀಲರ್ ದುಬಾರಿ ಕಾಣುತ್ತಾರೆ. ಹರಾಜು ಅಗ್ಗ ಕಾಣುತ್ತದೆ. ಬಿಡ್ ಮೇಲೆ ಏನೇನು ಸೇರುತ್ತದೆ ಲೆಕ್ಕ ಹಾಕಿ. 600 ಡಾಲರಿಗೆ ಗೆದ್ದಿರಿ ಅಂದುಕೊಳ್ಳಿ. ಹರಾಜು ಮನೆಯ ಕಮಿಷನ್ ನೂರಕ್ಕೆ 15 ಇದ್ದರೆ 90 ಡಾಲರ್. ಸಾಗಾಟ 50, ನಿಮ್ಮೂರಿನ ಡೀಲರ್ ವರ್ಗಾವಣೆಗೆ ತೆಗೆದುಕೊಳ್ಳುವುದು 35. ಒಟ್ಟು 775, ತೆರಿಗೆ ಬೇರೆ. ಅದೇ ರಿವಾಲ್ವರ್ ಪಕ್ಕದ ಡೀಲರ್ ಹತ್ತಿರ 750ಕ್ಕೆ ಇದ್ದರೆ, ಅದೂ ಕೈಯಲ್ಲಿ ಹಿಡಿದು ನೋಡಿ, ಯಾವುದು ಅಗ್ಗ?

ಲಿಸ್ಟಿಂಗ್ ಅರೆಬರೆ ಇದ್ದಾಗ ನನಗೆ ಬೆಲೆಗಿಂತ ಮುಖ್ಯ ವಾಪಸ್ ಕೊಡುವ ಅವಕಾಶ. ‘ಮೂರು ದಿನ ತಪಾಸಣೆ, ಹಾರಿಸಬಾರದು’ ಎಂಬುದು ಸಾಮಾನ್ಯವಾಗಿ ಕಾಣುವ ನಿಯಮ. ಅದಿದ್ದರೆ ನಾಲ್ಕು ಫೋಟೋ ಕಮ್ಮಿಯಿದ್ದರೂ ನಡೆಯುತ್ತದೆ. ‘ಇದ್ದದ್ದು ಇದ್ದ ಹಾಗೆ, ವಾಪಸ್ ಇಲ್ಲ’ ಎಂದಿದ್ದರೆ ಕಾಣದ ಪ್ರತಿಯೊಂದು ಜಾಗವೂ ಕೆಟ್ಟಿದೆ ಅಂದುಕೊಂಡು ಬಿಡ್ ಮಾಡುತ್ತೇನೆ. ಬದಿ ಕಾಣಲಿಲ್ಲವೇ, ಪಾಲಿಶ್ ಆಗಿದೆ ಅಂತ ಲೆಕ್ಕ. ನಂಬರ್ ಕಾಣಲಿಲ್ಲವೇ, ಹೊಂದುವುದಿಲ್ಲ ಅಂತ ಲೆಕ್ಕ. ಆ ಬೆಲೆಗೆ ಸಿಕ್ಕರೆ ಸಂತೋಷ, ಸಿಗದಿದ್ದರೆ ಬೇಸರವಿಲ್ಲ.

ಕಾನೂನಿನಲ್ಲೂ ಮೂರು ದಾರಿ ಇವೆ. 1898 ಅಥವಾ ಅದಕ್ಕೆ ಮೊದಲು ತಯಾರಾದದ್ದನ್ನು 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪುರಾತನ ವಸ್ತು ಎಂದು ಬೇರೆ ಇಡುತ್ತದೆ. 50 ವರ್ಷ ದಾಟಿದ, ಅಸಲಿ ರೂಪದಲ್ಲೇ ಇರುವ ರಿವಾಲ್ವರ್ ‘ಕ್ಯೂರಿಯೊ ಅಂಡ್ ರೆಲಿಕ್’ ಎಂಬ ಗುಂಪಿಗೆ ಬರುತ್ತದೆ. ಸಂಗ್ರಹಕಾರರ ಲೈಸೆನ್ಸ್ ಇದ್ದವರು ಇಂಥದನ್ನು ಬೇರೆ ರಾಜ್ಯದಿಂದ ನೇರವಾಗಿ ತರಿಸಿಕೊಳ್ಳಬಹುದು. ಆ ಲೈಸೆನ್ಸಿಗೆ ಮೂರು ವರ್ಷಕ್ಕೆ 30 ಡಾಲರ್. ಕೊಂಡದ್ದು, ಕೊಟ್ಟದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು. ಉಳಿದವರಿಗೆಲ್ಲ ಬೇರೆ ರಾಜ್ಯದಿಂದ ಬರುವ ರಿವಾಲ್ವರ್ ತಮ್ಮ ರಾಜ್ಯದ ಲೈಸೆನ್ಸ್ ಪಡೆದ ಡೀಲರ್ ಮೂಲಕವೇ ಬರಬೇಕು. 4473 ನಂಬರಿನ ಫಾರ್ಮ್ ತುಂಬಬೇಕು, ಹಿನ್ನೆಲೆ ಪರಿಶೀಲನೆ ಆಗಬೇಕು. ಇದೆಲ್ಲ ಕೇಂದ್ರದ ಕಾನೂನು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಇದರ ಮೇಲೆ ಅವರದೇ ನಿಯಮಗಳಿವೆ. ಬಿಡ್ ಒತ್ತುವ ಮೊದಲೇ ಡೀಲರ್‌ಗೆ ಫೋನ್ ಮಾಡಿ ಕೇಳಿ. ‘1898ಕ್ಕೆ ಮೊದಲಿನದು’ ಎಂಬ ಮಾರುವವರ ಮಾತೊಂದನ್ನೇ ನಂಬಿ ಮನೆಗೆ ತರಿಸಿಕೊಳ್ಳಬೇಡಿ. ಸಂದಿಯ ನಂಬರಿನಿಂದ ವರ್ಷ ಲೆಕ್ಕ ಹಾಕಿದವರೇ ಅದನ್ನು ಹೇಳಿರಬಹುದು.

ನನಗೆ ಲೈಸೆನ್ಸ್ ಇದ್ದರೂ ಅನುಮಾನದ ವಸ್ತುವನ್ನು ಡೀಲರ್ ಅಂಗಡಿಗೇ ತರಿಸುತ್ತೇನೆ. ಬಂದ ದಿನ ಒಂದು ಸಣ್ಣ ಟಾರ್ಚ್, ಭೂತಗನ್ನಡಿ, ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಹೋಗುತ್ತೇನೆ. ಡೀಲರ್ ಅನುಮತಿ ಕೇಳಿ, ಖಾಲಿ ಇದೆಯೇ ಎಂದು ಇಬ್ಬರೂ ನೋಡಿದ ಮೇಲೆ, ಮೊದಲು ತಳದ ನಂಬರ್, ಆಮೇಲೆ ಸಿಲಿಂಡರ್, ಆಮೇಲೆ ಬ್ಯಾರೆಲ್ ಒಳಗೆ ಬೆಳಕು. ಹಲಗೆ ಬಿಚ್ಚುವುದು ಕೊನೆಗೆ. ಇದೆಲ್ಲ ಆಗುವವರೆಗೆ ಫಾರ್ಮ್ ಮುಟ್ಟುವುದಿಲ್ಲ. ಸಹಿ ಹಾಕುವ ಮೊದಲಾದರೆ ಡೀಲರ್ ಅದೇ ಪೆಟ್ಟಿಗೆಯಲ್ಲಿ ವಾಪಸ್ ಕಳಿಸಬಹುದು. ನನ್ನ ಹೆಸರಿಗೆ ಆದ ಮೇಲೆ ಕಾಗದಪತ್ರ ಮತ್ತೆ ಮೊದಲಿನಿಂದ.